ನೆಲದ ಅಳತೆ, ಮತದ ಅಳತೆ

ಕರ್ನಾಟಕಕ್ಕೆ ಎರಡು ಭೂಪಟಗಳಿವೆಯೆಂದು ಹೇಳಬಹುದು. ಒಂದು, ಶಾಲೆಯ ಗೋಡೆಯ ಮೇಲಿರುವುದು. ಅದರಲ್ಲಿ ಬೆಟ್ಟ, ನದಿ, ಕಾಡು, ಬಯಲುಗಳಿಗೆ ಅವುಗಳ ವಿಸ್ತಾರಕ್ಕೆ ತಕ್ಕ ಜಾಗವುಂಟು. ಇನ್ನೊಂದು, ವಿಧಾನಸಭೆಯ ಭೂಪಟ. ಅದನ್ನು ಯಾರೂ ಬರೆದು ತೂಗುಹಾಕಿಲ್ಲ. ಆದರೆ ನಾಡಿನ ಆಳ್ವಿಕೆ ನಡೆಯುವುದು ಅದರ ಪ್ರಕಾರವೇ. ಅಲ್ಲಿ ಜನ ಕಿಕ್ಕಿರಿದ ನೆಲ ಹಿಗ್ಗುತ್ತದೆ, ಜನ ವಿರಳವಾದ ನೆಲ ಕುಗ್ಗುತ್ತದೆ.

ಬೆಂಗಳೂರು ನಗರ ಜಿಲ್ಲೆಯ ವಿಸ್ತೀರ್ಣ ಸುಮಾರು 2,200 ಚದರ ಕಿಲೋಮೀಟರು. ಇದು ರಾಜ್ಯದ ನೆಲದಲ್ಲಿ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಆದರೆ ವಿಧಾನಸಭೆಯ 224 ಸ್ಥಾನಗಳಲ್ಲಿ 28, ಎಂದರೆ ಎಂಟರಲ್ಲಿ ಒಂದು ಪಾಲು, ಆ ಜಿಲ್ಲೆಯದು. ಉತ್ತರ ಕನ್ನಡ ಜಿಲ್ಲೆಯ ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಗಿಲು. ಅಲ್ಲಿನ ಸ್ಥಾನಗಳು 6. ಕಾವೇರಿ ಹುಟ್ಟುವ ಕೊಡಗು 1956ಕ್ಕೆ ಮೊದಲು ಪ್ರತ್ಯೇಕ ರಾಜ್ಯವಾಗಿದ್ದು, 24 ಸದಸ್ಯರ ವಿಧಾನಸಭೆಯನ್ನು ಹೊಂದಿತ್ತು. ಇಂದು ಅದಕ್ಕಿರುವುದು 2 ಸ್ಥಾನಗಳು. 2008ರ ಚುನಾವಣೆಗೆ ಮುನ್ನ ಕ್ಷೇತ್ರಗಳ ಮರುವಿಂಗಡಣೆಯಾದಾಗ, ಅದುವರೆಗೆ ಇದ್ದ ಮೂರನೆಯ ಸ್ಥಾನವೂ ಹೋಯಿತು.

ಇದನ್ನು ಅನ್ಯಾಯವೆಂದು ಕರೆಯುವ ಮುನ್ನ ನಾವು ಸ್ವಲ್ಪ ತಾಳಬೇಕು. ಒಬ್ಬ ವ್ಯಕ್ತಿಗೆ ಒಂದು ಮತ, ಪ್ರತಿ ಮತಕ್ಕೂ ಸಮಾನ ಬೆಲೆ ಎಂಬುದು ನಮ್ಮ ಗಣರಾಜ್ಯದ ಅಡಿಗಲ್ಲು. ರಾಜ್ಯದೊಳಗೆ ಜನಸಂಖ್ಯೆಗೂ ಸ್ಥಾನಗಳಿಗೂ ಇರುವ ಪ್ರಮಾಣವು ಸಾಧ್ಯವಾದಮಟ್ಟಿಗೂ ಎಲ್ಲೆಡೆ ಒಂದೇ ಆಗಿರಬೇಕೆಂದು ಸಂವಿಧಾನದ 170ನೆಯ ವಿಧಿ ವಿಧಿಸುತ್ತದೆ. ಈ ನಿಯಮವನ್ನು ಬಿಟ್ಟರೆ ಆಗುವ ಕೇಡಿಗೆ ಅಮೆರಿಕದ ಅಲಬಾಮಾ ರಾಜ್ಯವೇ ನಿದರ್ಶನ. ಅಲ್ಲಿ ಅರವತ್ತು ವರ್ಷ ಕಾಲ ಸ್ಥಾನಗಳ ಮರುಹಂಚಿಕೆಯೇ ನಡೆಯಲಿಲ್ಲ. ಪಟ್ಟಣಗಳು ಬೆಳೆದವು, ಸ್ಥಾನಗಳು ಮಾತ್ರ ಹಳೆಯ ಕೌಂಟಿಗಳಲ್ಲೇ ಉಳಿದವು. ಕೊನೆಗೆ ಮೇಲ್ಮನೆಯ ಒಂದು ಕ್ಷೇತ್ರದ ಜನಸಂಖ್ಯೆಯು ಇನ್ನೊಂದರ ಸುಮಾರು 41 ಪಟ್ಟಾಯಿತು. 1964ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಈ ವ್ಯವಸ್ಥೆಯನ್ನು ತಳ್ಳಿಹಾಕಿ, ರಾಜ್ಯಗಳ ಎರಡೂ ಸದನಗಳು ಜನಸಂಖ್ಯೆಯ ಆಧಾರದ ಮೇಲೆಯೇ ರಚಿತವಾಗಬೇಕೆಂದು ತೀರ್ಪಿತ್ತಿತು. ಮನುಷ್ಯನ ಮತಕ್ಕಿಂತ ಬಯಲಿನ ಎಕರೆಗೆ ಹೆಚ್ಚು ತೂಕ ಬಂದರೆ ಅದು ಪ್ರಜಾಪ್ರಭುತ್ವವಾಗಲಾರದು.

ನಮ್ಮಲ್ಲಿಯೂ ನಗರದವನಿಗೆ ಒಂದು ದೂರು ಇಲ್ಲದಿಲ್ಲ. 2008ರಿಂದ 2023ರವರೆಗಿನ ಚುನಾವಣೆಗಳು 2001ರ ಜನಗಣತಿಯ ಮೇಲೆ ರಚಿತವಾದ ಕ್ಷೇತ್ರಗಳಲ್ಲಿ ನಡೆದವು. ಆ ಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನ ಸುಮಾರು 65 ಲಕ್ಷ. 2011ರ ವೇಳೆಗೆ 96 ಲಕ್ಷ. ಆ ಲೆಕ್ಕದಂತೆ ಅಲ್ಲಿ ಒಬ್ಬ ಶಾಸಕನ ಪಾಲಿಗೆ ಸುಮಾರು 3 ಲಕ್ಷ 44 ಸಾವಿರ ಜನ. ಉತ್ತರ ಕನ್ನಡದಲ್ಲಿ 2 ಲಕ್ಷ 40 ಸಾವಿರ. ತಲೆಯೆಣಿಸಿದರೆ ನಗರಕ್ಕೆ ಕೊರತೆ, ನೆಲವನ್ನು ಅಳೆದರೆ ಕಾಡುನಾಡಿಗೆ ಕೊರತೆ. ಎರಡು ಕಡೆಯ ದೂರಿನಲ್ಲಿಯೂ ಸತ್ಯಾಂಶವಿದೆ.

ಹಾಗಾದರೆ ತೊಡಕು ಇರುವುದೆಲ್ಲಿ? ಮತ ಕೊಡುವವರು ಜನರು. ಆದರೆ ಜನರು ಬದುಕುವುದು ನೆಲದಿಂದ. ಬೆಂಗಳೂರಿನ ನಲ್ಲಿಗಳಿಗೆ ಕಾವೇರಿಯ ನೀರು ಬೇಕು. ರಾಜ್ಯದ ದೀಪಗಳು ಉರಿಯಲು ಕಾಳಿ ನದಿಯ ವಿದ್ಯುತ್ತು ಬೇಕು. ಆ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಊರೇ ನೀರಿನಲ್ಲಿ ಮುಳುಗಿತು. ಮನೆ ಮಠ ಬಿಟ್ಟು ಹೋದವರ ಸಂಖ್ಯೆ ಮತಪೆಟ್ಟಿಗೆಯ ಲೆಕ್ಕದಲ್ಲಿ ಅಲ್ಪವೇ. ನದಿಗೆ ಮತವಿಲ್ಲ, ಕಾಡಿಗೆ ಮತವಿಲ್ಲ. ಅವುಗಳ ನೆರೆಯಲ್ಲಿ ಬಾಳುವವರಿಗೆ ಮತವಿದ್ದರೂ ಬಹುಮತವಿಲ್ಲ. ಒಂದು ಕಡೆ ಶಾಸಕನು ಅರ್ಧ ದಿನದಲ್ಲಿ ತನ್ನ ಕ್ಷೇತ್ರವನ್ನು ಸುತ್ತಿ ಬರಬಲ್ಲ. ಇನ್ನೊಂದು ಕಡೆ ಘಟ್ಟ, ಹಳ್ಳ, ಕಾಲುಸಂಕಗಳನ್ನು ದಾಟಿ ಕೊನೆಯ ಕೇರಿಯನ್ನು ಮುಟ್ಟುವುದೇ ಪ್ರಯಾಸ. ಎರಡೂ ಕ್ಷೇತ್ರಗಳ ಮತ ಸಮಾನವೆಂದ ಮಾತ್ರಕ್ಕೆ ಎರಡರ ದನಿಯೂ ಸಮಾನವಾಗಿ ಕೇಳಿಸುತ್ತದೆನ್ನಲಾಗದು.

ಇದಕ್ಕೆ ಮದ್ದು ಮತದ ಸಮಾನತೆಯನ್ನು ಕೆಡಿಸುವುದಲ್ಲ. ಬಹುಮತದ ಕೈಯನ್ನು ಕರ್ತವ್ಯದಿಂದ ಕಟ್ಟುವುದು. ಇದಕ್ಕೊಂದು ಮೇಲ್ಪಂಕ್ತಿ ನಮ್ಮಲ್ಲಿಯೇ ಇದೆ. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ಸಲ್ಲಿಸಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಅದು ಗುರುತಿಸಿತು. ಇವುಗಳಲ್ಲಿ ಹೆಚ್ಚಿನ ಪಾಲು ಇಂದಿನ ಕಲ್ಯಾಣ ಕರ್ನಾಟಕದ್ದು. ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371-ಜೆ ವಿಧಿ ಸೇರಿದಾಗ, ಆ ಭಾಗಕ್ಕೆ ಅಭಿವೃದ್ಧಿ ಮಂಡಳಿ, ಶಿಕ್ಷಣ ಹಾಗೂ ಉದ್ಯೋಗಗಳಲ್ಲಿ ಮೀಸಲಾತಿ ದೊರೆಯಲು ದಾರಿಯಾಯಿತು. ಮಂಡಳಿಯ ಕಾರ್ಯದ ವರದಿಯು ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕೆಂದೂ ಅದರಲ್ಲಿ ಹೇಳಿದೆ. ಗಮನಿಸಿ: ಇಲ್ಲಿ ಯಾರ ಮತದ ಬೆಲೆಯೂ ಹೆಚ್ಚಲಿಲ್ಲ, ಯಾರದೂ ತಗ್ಗಲಿಲ್ಲ. ಬಹುಮತವೇ ತಾನಾಗಿ ಒಂದು ಹೊಣೆಯನ್ನು ಹೊತ್ತಿತು.

ಇದೇ ನ್ಯಾಯ ನೀರು, ವಿದ್ಯುತ್ತು, ಕಾಡುಗಳನ್ನು ಕೊಡುವ ತಾಲ್ಲೂಕುಗಳಿಗೂ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಅವುಗಳಿಂದ ನಾಡು ಪಡೆದುದೆಷ್ಟು, ಅಲ್ಲಿನ ಶಾಲೆಗೆ, ಆಸ್ಪತ್ರೆಗೆ, ಸೇತುವೆಗೆ ಮರಳಿ ಕೊಟ್ಟುದೆಷ್ಟು ಎಂಬ ಲೆಕ್ಕ ವರ್ಷಕ್ಕೊಮ್ಮೆ ವಿಧಾನಸಭೆಯ ಮುಂದೆ ಬರಲಿ. ಮರಳಿ ಸಲ್ಲಬೇಕಾದ ಪಾಲನ್ನು ಕಾನೂನೇ ಗೊತ್ತುಪಡಿಸಲಿ. ಆಗ ಎರಡೇ ಸ್ಥಾನಗಳ ಜಿಲ್ಲೆಯೂ ಕೈಯೊಡ್ಡಿ ಬೇಡದೆ, ಹಕ್ಕಿನಿಂದ ಕೇಳಬಲ್ಲುದು.

ನಾಳೆ ಮತದಾರರಾಗುವ ನೀವು ನಿಮ್ಮ ಊರಿನ ಹಿತವನ್ನು ನೋಡುವುದು ಸಹಜ, ಯುಕ್ತ ಕೂಡ. ಆದರೆ ನೀವು ಕುಡಿಯುವ ನೀರು ಯಾವ ಬೆಟ್ಟದಿಂದ ಇಳಿದು ಬರುತ್ತದೆ, ಓದುವ ಬೆಳಕು ಯಾವ ಊರು ಮುಳುಗಿದ್ದರಿಂದ ದೊರೆಯಿತು ಎಂಬುದನ್ನೂ ತಿಳಿದಿರಬೇಕು. ಎಣಿಕೆಯಲ್ಲಿ ಕಡಿಮೆಯಾದವರ ಋಣವನ್ನು ಹೆಚ್ಚಿನವರು ಒಪ್ಪಿಕೊಂಡಾಗ ಮಾತ್ರ ಬಹುಮತವು ನ್ಯಾಯವೆನಿಸುತ್ತದೆ.