ಮೊಬೈಲ್ ಬೆಳಕಿನ್ಯಾಗ ಹೊಲಕ್ಕ ಹೋಗೋರಿಗೆ ಎರಡು ಮಾತು

ನಮ್ಮ ಮನ್ಯಾಗ ಮೊಬೈಲ್ ನಾಕು ಅದಾವ, ಬ್ಯಾಟ್ರಿ ಒಂದೂ ಇರಲಿಲ್ಲ. ಬ್ಯಾಟ್ರಿ ಅಂದ್ರ ಪ್ಯಾಟಿ ಮಂದಿ ಟಾರ್ಚ್ ಅಂತಾರಲ್ಲ, ಅದು. ಕುಷ್ಟಗಿ, ಯಲಬುರ್ಗಾ ಕಡೆ ನಾವು ಅದಕ್ಕ ಬ್ಯಾಟ್ರಿ ಅಂತೀವಿ, ಒಳಗ ಹಾಕೂದಕ್ಕ ಸೆಲ್ಲು ಅಂತೀವಿ. ನಮ್ಮ ಮಾವನೋರ ಕಾಲದಾಗ ಮೂರು ಸೆಲ್ಲಿನ ತಗಡಿನ ಬ್ಯಾಟ್ರಿ ತಲಿದಿಂಬಿನ ಬಾಜೂಕ ಇರ್ತಿತ್ತು. ಅದು ತುಕ್ಕು ಹಿಡದು ಅಟ್ಟ ಏರಿತು. ಅದರ ಜಾಗಾದಾಗ ಮೊಬೈಲ್ ಬಂತು. "ಇದರಾಗ ಲೈಟ್ ಐತಲ್ಲ, ಮತ್ಯಾಕ ಬ್ಯಾಟ್ರಿ?" ಅಂತ ಎಲ್ಲಾರೂ ಅಂದ್ರು. ನಾನೂ ಅಂದೆ. ಆ ಮಾತು ಎಷ್ಟು ತಪ್ಪು ಅನ್ನೂದು ಹೋದ ವರ್ಷ ಸೀಗಿ ಹುಣ್ಣಿವಿ ಆದ ಮ್ಯಾಲ ನನಗ ತಿಳೀತು.

ತ್ರೀಫೇಸ್ ಕರೆಂಟ್ ಬಂದಿದ್ದು ರಾತ್ರಿ ಒಂದೂವರಿಗೆ. ನಮ್ಮ ಮನಿಯವರು ಮೆಕ್ಕಿಜೋಳಕ್ಕ ನೀರು ತಿರುವಾಕ ಎದ್ದು ಹೋದ್ರು. ಒಂದು ಕೈಯಾಗ ಸಲಿಕಿ, ಇನ್ನೊಂದು ಕೈಯಾಗ ಮೊಬೈಲ್. ಬದುವಿನ ಮ್ಯಾಲ ಕಾಲಿಡಬೇಕು ಅನ್ನೂದ್ರಾಗ ಕುಕ್ಕರ್ ಸೀಟಿ ಹೊಡದಂಗ ಬುಸ್ ಅಂತ ಸಪ್ಪಳ ಬಂತಂತ. ಕೊಳಕುಮಂಡಲ. ಕಣ್ಣಿಗೆ ಕಂಡಿರಲಿಲ್ಲ, ಕಿವಿಗೆ ಕೇಳಿದ್ದಕ್ಕ ಉಳದ್ರು. ಹಿಂದಕ್ಕ ಜಿಗದ ರಭಸಕ್ಕ ಮೊಬೈಲ್ ಜಾರಿ ನೀರಿನ್ಯಾಗ ಬಿತ್ತು. ಬೆಳಕೂ ಹೋತು, ಫೋನೂ ಹೋತು. ಅರ್ಧ ತಾಸು ಒಂದ ಕಡೆ ನಿಂತು, ಆಮ್ಯಾಲ ಸಲಿಕಿ ನೆಲಕ್ಕ ಬಡಕೋತ ಕತ್ತಲದಾಗ ಮನಿಗೆ ಬಂದ್ರು. ಬಾಗಲಾ ತೆಗದಾಗ ಅವರ ಮಕ ನೋಡಿ ನನಗ ಮಾತ ಹೊಳ್ಳಲಿಲ್ಲ.

ಅವತ್ತಿನಿಂದ ನಾನು ಎದುರು ಸಿಕ್ಕೋರ ಜೋಡಿ ಇದ ಜಗಳ ಮಾಡ್ತೀನಿ. ಇವತ್ತು ನಿಮ್ಮ ಜೋಡಿ.

ಮೊದಲನೇ ಜಗಳ ಮೊಬೈಲಿನ ಮ್ಯಾಲ. ಮೊಬೈಲ್ ಲೈಟಿಗೆ ಬೆಳಕನ್ನ ಮುಂದಕ್ಕ ನೂಕೋ ಕನ್ನಡಿ ಇರೂದಿಲ್ಲ. ಹಿಟ್ಟು ಚೆಲ್ಲಿದಂಗ ಅದು ಸುತ್ತೂ ಕಡೆ ಚೆಲ್ಲತೈತಿ. ಬೆಳಕಿನ ಲೆಕ್ಕ ಹೆಂಗ ಅಂದ್ರ, ದೂರ ಎರಡು ಪಟ್ಟಾದ್ರ ಬೆಳಕು ಕಾಲು ಭಾಗಕ್ಕ ಇಳೀತೈತಿ. ಎರಡು ಹೆಜ್ಜಿ ಮುಂದ ಚಂದಾಗಿ ಕಂಡಿದ್ದು, ನಾಕು ಹೆಜ್ಜಿಗೆ ಮಸುಕು, ಎಂಟು ಹೆಜ್ಜಿಗೆ ಇಲ್ಲ. ನಡ್ಯಾಕ ಹತ್ತಿದ ಮನಷ್ಯಾಗ ಎರಡು ಹೆಜ್ಜಿ ಅಂದ್ರ ಒಂದು ಉಸಿರು. ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಏನಾರ ಆದ್ರ 108ಕ್ಕ ಫೋನ್ ಮಾಡಬೇಕಾದ್ದು ಅದ ಮೊಬೈಲಿನಿಂದ. ಲೈಟ್ ಹಚ್ಚಿ ಹಚ್ಚಿ ಚಾರ್ಜ್ ಮುಗಿಸಿಕೊಂಡ್ರ ಯಾರನ್ನ ಕರೀತೀರಿ? ಬೆಳಕು ಬ್ಯಾರೆ ಇರಬೇಕು, ಫೋನ್ ಬ್ಯಾರೆ ಇರಬೇಕು. ಎರಡನ್ನೂ ಒಂದ ಕೈಯಾಗ ಕಟ್ಟಬ್ಯಾಡ್ರಿ.

ಎರಡನೇ ಜಗಳ ಡಬ್ಬಿ ಮ್ಯಾಲ ಬರದ ಅಂಕಿಗಳ ಮ್ಯಾಲ. ಹಾವಿನ ಸುದ್ದಿ ಕೇಳಿ ನಮ್ಮ ಹುಡುಗ ಆನ್‌ಲೈನ್‌ದಾಗ ಒಂದು ಬ್ಯಾಟ್ರಿ ತರಿಸಿದ. ಮುಂದಕ್ಕ ಹಿಂದಕ್ಕ ಎಳದ್ರ ಬೆಳಕು ಸಣ್ಣದು ದೊಡ್ಡದು ಆಗೂದು, ಜೋಡಿಗೆ ಕೆಂಪು, ಹಸಿರು, ನೀಲಿ, ಹಳದಿ ನಾಕು ಮುಚ್ಚಳ. ಒಳಗಿನ ಸೆಲ್ಲಿನ ಮ್ಯಾಲ 9900 ಎಂಎಎಚ್ ಅಂತ ಬರದಿತ್ತು. ಇದು ಬರೇ ಸುಳ್ಳು. 18650 ಅನ್ನೋ ಅಳತಿ ಸೆಲ್ಲು ಅಂದ್ರ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅಷ್ಟು ಜಾಗಾದಾಗ ಒಳ್ಳೆ ಕಂಪನಿಯೋರೂ 3500ರ ಆಸುಪಾಸು ತುಂಬಸ್ತಾರ. ಸೇರಿನ್ಯಾಗ ಮೂರು ಸೇರು ಜ್ವಾಳ ಹಿಡಿತೈತಿ ಅಂದ್ರ ನಾವು ನಂಬ್ತೀವೇನ್ರಿ? ಸೆಲ್ಲಿನ ಮ್ಯಾಲ ಸುಳ್ಳು ಬರದಾವ ಲೂಮೆನ್ಸ್ ಅಂಕಿನೂ ಸುಳ್ಳ ಬರೀತಾನ.

ಖರೇ ಅಂಕಿ ಇದ್ದರೂ ಅದನ್ನ ಓದೂದು ತಿಳಿಬೇಕು. ಒಳ್ಳೆ ಬ್ಯಾಟ್ರಿ ಡಬ್ಬಿ ಮ್ಯಾಲ "ಇಷ್ಟು ಮೀಟರ್ ದೂರ" ಅಂತ ಬರದಿರ್ತಾರ. ಅಷ್ಟು ದೂರಕ್ಕ ಚಂದ ಕಾಣತೈತಿ ಅಂತ ಅದರ ಅರ್ಥ ಅಲ್ಲ. ಅಷ್ಟು ದೂರದಾಗ ಬೆಳಕು 0.25 ಲಕ್ಸ್‌ಗೆ ಇಳದಿರ್ತೈತಿ ಅಂತ ಅರ್ಥ, ಅಂದ್ರ ಹೆಚ್ಚು ಕಮ್ಮಿ ಹುಣ್ಣಿವಿ ಬೆಳದಿಂಗಳು. ಬೆಳದಿಂಗಳಾಗ ಹಾವು ಕಾಣತೈತೇನು? ಮತ್ತ ಆ ಎಳದ್ರ ಸಣ್ಣಾಗೋ ಬೆಳಕು ಐತಲ್ಲ, ಪೂರಾ ಎಳದ್ರ ನೆಲದ ಮ್ಯಾಲ ಒಂದು ಚೌಕ ಬೀಳತೈತಿ. ಚೌಕದ ಒಳಗ ಹಗಲು, ಹೊರಗ ಅಮಾಸಿ. ಹಾವು ಚೌಕದ ಒಳಗ ಬಂದು ಕುಂದರತೇನಿ ಅಂತ ಕರಾರು ಬರಕೊಟ್ಟಿಲ್ಲ.

ಮೂರನೇ ಜಗಳ ಬಣ್ಣದ ಮುಚ್ಚಳದ ಮ್ಯಾಲ. ಇದ ದೊಡ್ಡ ಜಗಳ. "ಯವ್ವಾ, ಮಿಲಿಟ್ರಿಯವ್ರು ಕೆಂಪು ಬೆಳಕು ಹಿಡೀತಾರ, ಕತ್ತಲದಾಗ ಕಣ್ಣು ಚೂಪಾಗಿರತಾವ, ಅಪ್ಪ ಕೆಂಪು ಹಾಕ್ಕೊಂಡ ಹೋಗಲಿ" ಅಂದ ನಮ್ಮ ಹುಡುಗ. ಅವನ ಮಾತಿನ್ಯಾಗ ಅರ್ಧ ಖರೇ ಐತಿ. ನಮ್ಮ ಕಣ್ಣಾಗ ಕತ್ತಲಕ್ಕಂತ ಬ್ಯಾರೆ ಕೋಶ ಅದಾವ. ಅವು ಪೂರಾ ತಯಾರಾಗಾಕ 20ರಿಂದ 30 ನಿಮಿಷ ಬೇಕು. ಬಿಳಿ ಬೆಳಕು ಕಣ್ಣಿಗೆ ಬಡದ್ರ ಮತ್ತ ಮೊದಲಿನಿಂದ ಸುರು. ಗಾಢ ಕೆಂಪು ಬೆಳಕು ಮಾತ್ರ ಅವುಕ್ಕ ಹೆಚ್ಚು ತಾಗೂದಿಲ್ಲ. ಅದಕ್ಕ ಚಿಕ್ಕಿ ನೋಡೋರು, ನಕ್ಷಾ ಓದೋರು ಕೆಂಪು ಹಿಡೀತಾರ. ಆದ್ರ ಹೊಲದಾಗ ನೀರು ತಿರುವೋರು ಚಿಕ್ಕಿ ನೋಡಾಕ ಹೋಗಿರೂದಿಲ್ಲ.

ನಾನು ಬಾಯಿ ಮಾತಿಗೆ ಬಿಡಲಿಲ್ಲ. ಸಂಜಿ ಕತ್ತಲಾದ ಮ್ಯಾಲ ನಮ್ಮ ಮಸಾರಿ ಹೊಲದಾಗ ಹಳೇ ಪುಂಡಿ ನಾರಿನ ಹಗ್ಗ ಸುರುಳಿ ಮಾಡಿ ಎಸದು ಬಂದೆ. ಎಲ್ಲಿ ಅಂತ ಹೇಳಲಿಲ್ಲ. ಬಿಳಿ ಬೆಳಕಿನ್ಯಾಗ ನಮ್ಮ ಹುಡುಗ ಹತ್ತು ಹೆಜ್ಜಿ ದೂರದಿಂದ ಬಟ್ಟು ಮಾಡಿ ತೋರಿಸಿದ. ಜಾಗಾ ಬದಲಿ ಮಾಡಿ ಕೆಂಪು ಮುಚ್ಚಳ ಹಾಕಿ ಕಳಿಸಿದ್ರ, ಹಗ್ಗ ತುಳದ ಮ್ಯಾಲನ "ಇಲ್ಲೈತಿ" ಅಂದ. ಹಗ್ಗ ಕಂಡು ಹಾವು ಅಂತ ಹೆದರಿದವರ ಕಥಿ ಎಲ್ಲಾ ಸ್ವಾಮಿಗಳು ಪುರಾಣದಾಗ ಹೇಳ್ತಾರ. ಹಾವು ಕಂಡು ಹಗ್ಗ ಅಂತ ತುಳದವರು ಕಥಿ ಹೇಳಾಕ ಉಳದಿರೂದಿಲ್ಲ.

ಯಾಕ ಹಿಂಗ? ಫಿಲ್ಟರ್ ಅಂದ್ರ ಜರಡಿ. ಜರಡಿ ಹಿಡದ್ರ ಹಿಟ್ಟು ಹೆಚ್ಚಾಗೂದಿಲ್ಲ, ಕಮ್ಮಿ ಆಗತೈತಿ. ಈಗಿನ ಬಿಳಿ ಎಲ್‌ಇಡಿ ಒಳಗ ಹುಟ್ಟೂದು ನೀಲಿ ಬೆಳಕು. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕ ಅಕಾಸಾಕಿ, ಅಮಾನೊ, ನಕಾಮುರಾ ಅನ್ನೋ ಮೂವರಿಗೆ 2014ರಾಗ ಭೌತಶಾಸ್ತ್ರದ ನೊಬೆಲ್ ಬಂತು. ಅದರ ಮ್ಯಾಲ ಹಳದಿ ಪುಡಿ ಸವರಿ ಬಿಳಿ ಮಾಡ್ತಾರ. ಅಂಥಾ ಬೆಳಕಿನ್ಯಾಗ ಗಾಢ ಕೆಂಪು ಮೊದಲ ಕಮ್ಮಿ. ಕೆಂಪು ಜರಡಿ ಹಿಡದ್ರ ಉಳಿಯೂದು ಚಿಟಿಕಿ. ಅದರ ಮ್ಯಾಲ ಮಸಾರಿ ಮಣ್ಣೂ ಕೆಂಪು, ಮಂಡಲದ ಮೈಯೂ ಕಂದು. ಕೆಂಪು ಬೆಳಕಿನ್ಯಾಗ ಎರಡೂ ಒಂದ ಬಣ್ಣ. ಮೈಮ್ಯಾಲಿನ ಸರಪಳಿ ಚಿತ್ತಾರ ಮಣ್ಣಾಗ ಕರಗಿ ಹೋಗತೈತಿ. ಗಾಯದ ರಕ್ತ ಸುದ್ದಾ ಕೆಂಪು ಬೆಳಕಿನ್ಯಾಗ ಸರಿ ಕಾಣೂದಿಲ್ಲ. ನೀಲಿ, ಹಸಿರು ಮುಚ್ಚಳದ ಹಣೇಬರಹನೂ ಇಷ್ಟ. ಹಸಿರಿಗೆ ನಮ್ಮ ಕಣ್ಣು ಜಲ್ದಿ ಸ್ಪಂದಿಸ್ತಾವ, ಖರೇ. ಆದ್ರ ಹಸಿರು ಒಂದರಾಗ ಕಂದು, ಕೆಂಪು, ಬೂದಿ ಬಣ್ಣದ ವ್ಯತ್ಯಾಸ ಸತ್ತು ಹೋಗತೈತಿ. ಹಾವು ಗುರುತು ಸಿಗೂದು ಆ ವ್ಯತ್ಯಾಸದಾಗ. ಹೊಲಕ್ಕ ಬಿಳಿ ಬೆಳಕು, ಅದೂ ನೀಲಿ ಝಳಪಿನ ಬಿಳಿ ಅಲ್ಲ, ಬೆಣ್ಣಿ ಬಣ್ಣದ ಬಿಳಿ. ಮಸಾರಿ ಇರಲಿ, ಎರಿ ಇರಲಿ, ಇದರಾಗ ಮಾತಿಲ್ಲ.

ಹಂಗಂತ ಬಣ್ಣದ ಮುಚ್ಚಳ ತಿಪ್ಪಿಗೆ ಎಸೀರಿ ಅಂತ ನಾ ಅನ್ನೂದಿಲ್ಲ. ಅದಕ್ಕ ಅದರ ಜಾಗಾ ಐತಿ.

ಬ್ಯಾಸಗ್ಯಾಗ ನಾವೆಲ್ಲಾ ಮಾಳಿಗಿ ಮ್ಯಾಲ ಮಲಗ್ತೀವಿ. ನಡುರಾತ್ರ್ಯಾಗ ಒಬ್ಬರು ನೀರಿಗೆ ಎದ್ದು ಬಿಳಿ ಬೆಳಕು ಹಚ್ಚಿದ್ರ ಕೂಸಿನಿಂದ ಮುದುಕರತನಕ ಎಲ್ಲಾರ ನಿದ್ದಿ ಹಾಳು. ಅಲ್ಲಿ ಕೆಂಪು ಬೇಕು. ಆದ್ರ ಹಾಸೂದಕ್ಕಿಂತ ಮೊದಲು ಹಾಸಿಗಿ, ಮೂಲಿ, ಕೌದಿ ಮಡಕಿ ಬಿಳಿ ಬೆಳಕಿನ್ಯಾಗ ನೋಡ್ರಿ. ಕರ್ರಗ ಮೈಮ್ಯಾಲ ಬಿಳಿ ಗೆರಿ ಇರೋ ಕಟ್ಟುಹಾವು ನೆಲದಾಗ ಮಲಗಿದವರನ್ನ ನಿದ್ದ್ಯಾಗ ಕಡೀತೈತಿ, ಕಡದಿದ್ದು ಗೊತ್ತೂ ಆಗೂದಿಲ್ಲ.

ಅಂಗಳದಾಗ ಉಣ್ಣಾಕ ಕುಂತಾಗ ಹಳದಿ ಮುಚ್ಚಳ ಹಾಕ್ರಿ. ಹುಳಾ ಹುಪ್ಪಡಿಗೆ ನೀಲಿ, ನೇರಳಿ ಕಡಿ ಬೆಳಕು ಅಂದ್ರ ಪ್ರೀತಿ, ಹಳದಿ-ಕೆಂಪು ಕಡಿ ಅಷ್ಟಾಗಿ ಬರೂದಿಲ್ಲ. ಮಳಿಗಾಲದಾಗ ಗಂಗಾವತಿ ಭತ್ತದ ಗದ್ದಿ ಬಾಜೂಕ ಮನಿ ಇದ್ದೋರಿಗೆ ಈ ಮಾತಿನ ಬೆಲಿ ಗೊತ್ತು.

ಹುಣ್ಣಿವಿಗೆ ಹುಲಿಗೆಮ್ಮನ ಕಡೆ, ಜಾತ್ರಿಗೆ ಕೊಪ್ಪಳದ ಗವಿಮಠದ ಕಡೆ ರಾತ್ರಿ ರಸ್ತಾದಾಗ ನಡಕೊಂಡು ಹೋಗೋರು, ಸಾಲಿನ ಕಡೀಕ ಇರೋರ ಕೈಯಾಗ ಕೆಂಪು ಬೆಳಕು ಹಿಂದಕ್ಕ ಮಾಡಿ ಹಿಡಸ್ರಿ. ಗಾಡಿ ಹಿಂದಿನ ದೀಪ ಕೆಂಪು ಅನ್ನೂದು ಎಲ್ಲಾ ಡ್ರೈವರಗೂ ರಕ್ತದಾಗ ಕೂತೈತಿ, ಕಂಡ ಕೂಡಲೇ ಕಾಲು ಬ್ರೇಕಿಗೆ ಹೋಗತೈತಿ. ಮುಂದಿನವರ ಕೈಯಾಗ ಬಿಳಿ, ನೆಲಕ್ಕ ಬಗ್ಗಿಸಿ. ಅಂಜನಾದ್ರಿ ಮೆಟ್ಟಲಾ ಬೆಳಗಾಗೂದ್ರಾಗ ಏರೋರೂ ಬೆಳಕು ಮೆಟ್ಟಲಕ್ಕ ಹಿಡೀರಿ, ಇಳಿಯೋರ ಕಣ್ಣಿಗೆ ಅಲ್ಲ.

ಈಗ ಯಾರೂ ಬಾಯಿ ಬಿಟ್ಟು ಹೇಳದ ಮಾತು. ಹಳ್ಳ್ಯಾಗ ಇನ್ನೂ ಎಷ್ಟೋ ಹೆಣ್ಮಕ್ಕಳು ಕತ್ತಲದಾಗ ಬಯಲಕಡಿ ಹೋಗ್ತಾರ. ಬೆಳಕು ಹಚ್ಚಿದ್ರ ಮಂದಿ ನೋಡ್ತಾರ ಅಂತ ಮರ್ಯಾದಿಗೆ ಅಂಜಿ ಆರಿಸ್ತಾರ. ಗಂಡಸರಿಗೆ ಬ್ಯಾಟ್ರಿ ತಂದುಕೊಡೋ ಮನ್ಯಾಗ ಹೆಣ್ಮಕ್ಕಳಿಗೆ ಯಾಕ ಬ್ಯಾಟ್ರಿ ಇಲ್ಲ? ಸೀರಿಗೆ ಕಿಸೆ ಇಲ್ಲ ಅಂತಲೇನು? ಬಟ್ಟಿನಷ್ಟು ಸಣ್ಣ ಬ್ಯಾಟ್ರಿ ಸಿಗತಾವ, ದಾರ ಕಟ್ಟಿ ಕೊಳ್ಳಾಗ ಹಾಕ್ಕೊಳ್ರಿ. ಹೋಗೂಮುಂದ ಬಿಳಿ. ಜಾಗಾ ಪೂರಾ ನೋಡಿದ ಮ್ಯಾಲ ಕೆಂಪು ಸಣ್ಣ ಬೆಳಕು ಸಾಕು, ದೂರದವರಿಗೆ ಕಾಣೂದಿಲ್ಲ. ಏಳೂಮುಂದ ಮತ್ತ ಬಿಳಿ. ಕೆಂಪು ಮುಚ್ಚಳದ ಖರೇ ಉಪಯೋಗ ಅಂದ್ರ ನನಗ ಇದ.

ಮುಚ್ಚಳಕ್ಕ ರೊಕ್ಕಾ ಹಾಕಬ್ಯಾಡ್ರಿ. ನಾಟಕದ ಲೈಟಿಗೆ ಹಚ್ಚೋ ಕೆಂಪು ಜಿಲೆಟಿನ್ ಹಾಳಿ ಎರಡು ಮಡಕಿ ಮಾಡಿ ರಬ್ಬರ್ ಹಾಕಿದ್ರ ಆತು. ಕೆಂಪು ಪುಗ್ಗಾ ಹರದು ಬ್ಯಾಟ್ರಿ ಬಾಯಿಗೆ ಬಿಗಿದ್ರೂ ನಡೀತೈತಿ. ಬೆಳಕು ಸಣ್ಣದಿಟ್ಟಾಗ ಮಾತ್ರ, ದೊಡ್ಡದು ಇಟ್ರ ಕಾದು ಕರಗತೈತಿ. ಕೆಂಪು ಪಕ್ಕಾ ಐತೋ ಇಲ್ಲೋ ನೋಡಾಕ ಮನ್ಯಾಗ ಬಿದ್ದ ಲಗ್ನಪತ್ರ ತಗೋರಿ. ಬಿಳಿ ಹಾಳಿ ಮ್ಯಾಲಿನ ಕೆಂಪು ಅಕ್ಷರ ಮಾಯ ಆಗಬೇಕು, ನೀಲಿ ಅಕ್ಷರ ಕರ್ರಗ ಕಾಣಬೇಕು. ಹಳೇ ಸಿನಿಮಾ ಸಿಡಿ ಇದ್ರ ಅದರ ಮ್ಯಾಲ ಬೆಳಕು ಬಿಡ್ರಿ, ಹಸಿರು ನೀಲಿ ಪಟ್ಟಿ ಇಣುಕಿದ್ರ ಜರಡಿ ತೂತು ದೊಡ್ಡದು, ಇನ್ನೊಂದು ಮಡಕಿ ಹಾಕ್ರಿ.

ಹಂಗಾರ ಎಂಥಾ ಬ್ಯಾಟ್ರಿ ತಗೊಬೇಕು? ನಾನು ತಗೊಂಡಿದ್ದು ಒಂದ ಡಬಲ್‌ಎ ಸೆಲ್ಲಿಂದು, ಅಂಗಿ ಕಿಸೆದಾಗ ಕೂಡೂದು. ಆ ಸೆಲ್ಲು ತಾವರಗೇರಿ, ಕುಕನೂರ, ಯಾವ ಕಿರಾಣಿ ಅಂಗಡ್ಯಾಗ ಕೇಳಿದ್ರೂ ಸಿಗತೈತಿ. ಚಾರ್ಜ್ ಮಾಡೂದು ತಗೋರಿ, ಬ್ಯಾಡ ಅನ್ನೂದಿಲ್ಲ, ಆದ್ರ ಕರೆಂಟ್ ಇಲ್ಲದ ದಿನ ಏನು ಮಾಡ್ತೀರಿ ಅಂತ ಮೊದಲು ಯೋಚನೆ ಮಾಡ್ರಿ. ಒಂದು ಎಚ್ಚರಿಕಿ: ನೋಡಾಕ ಡಬಲ್‌ಎ ಸೆಲ್ಲಿನಂಗ ಇರೋ 14500 ಅನ್ನೋ ಲಿಥಿಯಂ ಸೆಲ್ಲು 3.7 ವೋಲ್ಟಿಂದು. 1.5 ವೋಲ್ಟಿನ ಬ್ಯಾಟ್ರಿಗೆ ಹಾಕಿದ್ರ ಸುಟ್ಟುಹೋದೀತು. 100ರಿಂದ 200 ಲೂಮೆನ್ಸ್ ಖರೇ ಬೆಳಕು ನಡ್ಯಾಕ ಬೇಕಾದಷ್ಟಾತು. ನಡುವ ಗಟ್ಟಿ, ಸುತ್ತೂ ಮೆಲ್ಲಕ ಹರಡೋ ಬೆಳಕು ಇರಲಿ. ಐಪಿಎಕ್ಸ್7 ಅಂತ ಬರದಿದ್ರ ಒಂದು ಮೀಟರ್ ನೀರಾಗ ಅರ್ಧ ತಾಸು ಬಿದ್ರೂ ತಡೀತೈತಿ. ಕಾಲುವಿಗೆ ಬಿದ್ದ ಮೊಬೈಲ್ ನೆನಪಾತೇನು? ಒತ್ತಿದಾಗೊಮ್ಮೆ ಪಕಪಕ ಅನ್ನೋ ಆಟಾ ಇರೋದು ಬ್ಯಾಡ.

ಹಿಡಿಯೂ ರೀತಿನೂ ಐತಿ. "ನಮ್ಮಪ್ಪ ಕಂದೀಲ ಹಿಡದು ಹೋಗ್ತಿದ್ದ, ಅವನಿಗೇನಾತು?" ಅಂತಾರ ಕೆಲವರು. ಕಂದೀಲು ತೂಗ್ತಿದ್ದದ್ದು ಮೊಣಕಾಲಿನ ಹಂತೇಕ. ಕೆಳಗಿನಿಂದ ಬೆಳಕು ಬಿದ್ರ ಸಣ್ಣ ಹಳ್ಳಿಗೂ ಉದ್ದ ನೆಳ್ಳು ಬೀಳತೈತಿ, ನೆಲದ ಮ್ಯಾಲ ಏನ ಇದ್ರೂ ಎದ್ದು ಕಾಣತೈತಿ. ಹಣಿಗೆ ಕಟ್ಟೋ ಲೈಟಿನ್ಯಾಗ ನೆಳ್ಳ ಕಾಣೂದಿಲ್ಲ. ಅದಕ್ಕ ನಡೀಯೂಮುಂದ ಬ್ಯಾಟ್ರಿ ತೊಡಿ ಕೆಳಗ ಹಿಡೀರಿ. ಕುರಿಹಟ್ಟಿ ಕಾಯೋರು ತೋಳ ಬಂತೇನು ಅಂತ ನೋಡಾಕ ಮಾತ್ರ ಕಣ್ಣಿನ ಮಟ್ಟಕ್ಕ ಎತ್ತಿ ಹಿಡೀಬೇಕು, ಆವಾಗ ಅದರ ಕಣ್ಣು ಹೊಳೀತಾವ. ಹಾವಿನ ಕಣ್ಣು ಹಂಗ ಹೊಳಿಯೂದಿಲ್ಲ.

ಕಡದ್ರ ಕೊಯ್ಯೂದು, ಹೀರೂದು, ಬಿಗಿದು ಕಟ್ಟೂದು, ಮಂತ್ರ ಹಾಕಸೂದು ಯಾವುದೂ ಬ್ಯಾಡ. ಕಡದ ಕೈಕಾಲು ಅಲ್ಲಾಡಿಸದಂಗ ಇಟ್ಟು ನೆಟ್ಟಗ ದವಾಖಾನಿಗೆ ಹೋಗ್ರಿ. ಕರ್ನಾಟಕ ಸರ್ಕಾರ 2024ರಾಗ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶ ಮಾಡೇತಿ. ಅಂದ್ರ ಇದು ಹಣೇಬರಹ ಅಲ್ಲ, ಲೆಕ್ಕಕ್ಕ ಬರೋ ಸಾವು.

ಕಡೀ ಮಾತು. ರಾತ್ರಿ ಎರಡಕ್ಕ ರೈತನ್ನ ಹಾಸಿಗಿಯಿಂದ ಎಬಸೂದು ಹಾವಲ್ಲ, ಕರೆಂಟು. ಹಗಲು ಹೊತ್ತು ತ್ರೀಫೇಸ್ ಕೊಟ್ರ ಈ ಬರಹದ ಅರ್ಧ ಬೇಕಾಗೂದಿಲ್ಲ. ಅದನ್ನ ಕೇಳೂದು ಬಿಡಬ್ಯಾಡ್ರಿ, ನಾನೂ ಬಿಡೂದಿಲ್ಲ. ಆದ್ರ ಅದು ಬರೋತನಕ ನಮ್ಮ ಮನಿಯವರು ಇವತ್ತ ರಾತ್ರಿನೂ ಹೋಗಬೇಕು. ಅಟ್ಟದ ಮ್ಯಾಲಿನ ಮಾವನೋರ ಬ್ಯಾಟ್ರಿ ತಿಕ್ಕಿ ಹೊಸಾ ಸೆಲ್ಲು ಹಾಕಿ ನೋಡಿದೆ, ಹತ್ತಲಿಲ್ಲ. ಹೊಸಾದು ಬಾಗಲದ ಮೊಳಿಗೆ ತೂಗ ಹಾಕೀನಿ. ಮೊಬೈಲ್ ಹಿಡದು ಹೊಸ್ತಿಲ ದಾಟಿದ್ರ ನಾನ ಎದ್ದು ಕರದು ಕೊಡ್ತೀನಿ.