ಅಟ್ಟದ ಕೊಡಲಿಯನ್ನು ಗುಜರಿಗೆ ಹಾಕಬೇಡಿ

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ರೈತ ಬಂಧುಗಳೇ, ನಿಮ್ಮ ಮನೆಯ ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ, ಸೌದೆ ಒಟ್ಟಿಲ ಹಿಂದೆ ಒಮ್ಮೆ ಕಣ್ಣು ಹಾಯಿಸಿ. ಕಾವು ಮುರಿದ ಒಂದು ಕೊಡಲಿ, ಕೊರಡು ಸೀಳುವ ಒಂದು ದಪ್ಪ ಕೊಡಲಿ, ಒಂದೆರಡು ಕಬ್ಬಿಣದ ಬೆಣೆ ತುಕ್ಕು ಹಿಡಿದು ಬಿದ್ದಿರುತ್ತವೆ. ಗುಜರಿಯವನು ಬಂದಾಗ ಮನೆಯ ಹುಡುಗರು ಅದನ್ನು ತೂಕಕ್ಕೆ ಹಾಕಿ ಚಿಲ್ಲರೆ ಕಾಸು ಈಸಿಕೊಳ್ತಾರೆ. ಮುಂದಿನ ವಾರ ಸಂತೆಯಲ್ಲಿ ಹೊಸ ಕೊಡಲಿಗೆ ನೋಟು ಎಣಿಸುವವರು ನಾವು. ಸ್ವಲ್ಪ ಅನುಕೂಲಸ್ಥರಾದರೆ ಕಂತಿನ ಮೇಲೆ ಪೆಟ್ರೋಲ್ ಗರಗಸವನ್ನೇ ತಂದು ಜಗಲಿಯಲ್ಲಿ ಇಡುತ್ತೇವೆ. ಇದೇನು ಮಹಾ ವಿಷಯ ಅನ್ನಬೇಡಿ. ನಮ್ಮ ಸಾಲದ ಬೇರು ಇಳಿದಿರುವುದು ಇಂಥ ಸಣ್ಣ ವಿಷಯಗಳಲ್ಲೇ.

ನಾವು ಮಾರುವಾಗ ಬೆಲೆ ಕಟ್ಟೋನು ಅವನು, ಕೊಳ್ಳುವಾಗ ಬೆಲೆ ಕಟ್ಟೋನೂ ಅವನೇ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಎಂದು ಸಾರಿತು. ಆ ವರ್ಷ ಅರಸೀಕೆರೆ, ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಕೆಳಗೆ ಬಿದ್ದು ತೆಂಗು ಬೆಳೆದವರು ಬೀದಿಗೆ ಬಂದರು. ಕೊಬ್ಬರಿ ಇಳಿದ ಆ ವರ್ಷ ಕೊಡಲಿಯ ಬೆಲೆ ಏನಾದರೂ ಇಳಿಯಿತೇ? ಗುದ್ದಲಿ, ಹಾರೆ, ಮಚ್ಚು ಇಳಿದವೇ?

ಇನ್ನು ತೆರಿಗೆಯ ಚಮತ್ಕಾರ ನೋಡಿ. 2017ರಲ್ಲಿ ಜಿಎಸ್‌ಟಿ ತಂದವರು ಕೈಯಲ್ಲಿ ಬಳಸುವ ಬೇಸಾಯದ ಸಲಕರಣೆಗೆ, ಕೊಡಲಿಯೂ ಸೇರಿದಂತೆ, ತೆರಿಗೆ ಇಲ್ಲ ಅಂದರು. ಆದರೆ ಅದನ್ನು ಮಾಡುವ ಉಕ್ಕಿಗೆ ಶೇ. 18 ಹಾಕಿದರು. ಸಿದ್ಧವಾದ ಕೊಡಲಿಗೆ ತೆರಿಗೆ ಇಲ್ಲದ ಕಾರಣ, ಉಕ್ಕಿನ ಮೇಲೆ ಕಟ್ಟಿದ ತೆರಿಗೆಯನ್ನು ಮಾಡುವವನು ವಾಪಸು ಪಡೆಯುವ ಹಾಗಿಲ್ಲ. ಅದು ಬೆಲೆಯೊಳಗೆ ಅಡಗಿ ನಮ್ಮ ತಲೆಯ ಮೇಲೇ ಬಂದು ಕೂರುತ್ತದೆ. ಅಟ್ಟದ ಮೇಲಿರುವ ಕೊಡಲಿಯ ಉಕ್ಕಿಗಾದರೋ ನಿಮ್ಮ ಅಜ್ಜ ದುಡ್ಡು ಕೊಟ್ಟು ಮುಗಿಸಿದ್ದಾನೆ. ಅದರ ಮೇಲೆ ಯಾವ ಬ್ಯಾಂಕಿನ ಬಾಕಿಯೂ ಇಲ್ಲ.

ಈಗ ಕಾನೂನಿನ ಮಾತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಏನು ಹೇಳುತ್ತದೆ ಎಂಬುದನ್ನು ಪ್ರತಿಯೊಬ್ಬ ರೈತನೂ ಬಾಯಿಪಾಠ ಮಾಡಬೇಕು. ಸಾಲದ ಡಿಕ್ರಿ ಆದರೂ ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿ ಮಾಡುವಂತಿಲ್ಲ. ಬೇಸಾಯಗಾರನ ಸಲಕರಣೆ, ಅವನ ಜೀವನೋಪಾಯಕ್ಕೆ ಬೇಕೆಂದು ಕೋರ್ಟಿಗೆ ಕಂಡ ದನ, ಬಿತ್ತನೆ ಬೀಜ, ಇವನ್ನೂ ಮುಟ್ಟುವಂತಿಲ್ಲ. ಪರದೇಶಿ ಸರ್ಕಾರ ಬರೆದ ಕಾನೂನಿಗೂ ಅಷ್ಟು ಬುದ್ಧಿ ಇತ್ತು: ದುಡಿಯುವವನ ಕೈಯಿಂದ ಆಯುಧ ಕಿತ್ತರೆ ಸಾಲ ತೀರಿಸುವವರು ಯಾರು? ಆದರೆ ಕಂತಿನ ಮೇಲೆ ತಂದ ಯಂತ್ರದ ಕಥೆ ಬೇರೆ. ಅದನ್ನೇ ಆಧಾರ ಮಾಡಿ ನೀವು ಕಾಗದಕ್ಕೆ ಸಹಿ ಹಾಕಿರುತ್ತೀರಿ. ಎರಡು ಕಂತು ತಪ್ಪಿದರೆ ಆ ಕಾಗದ ಹಿಡಿದುಕೊಂಡೇ ಬಾಗಿಲಿಗೆ ಬರ್ತಾರೆ. 1980ರ ದಶಕದಲ್ಲಿ ರೈತಸಂಘ ಜಪ್ತಿಯಾದ ಸಾಮಾನನ್ನು ಮರುಜಪ್ತಿ ಮಾಡಿ ರೈತನ ಮನೆಗೆ ಮುಟ್ಟಿಸಿತು. ಆ ಹೋರಾಟದ ಊರುಗಳಲ್ಲಿ, ಜಪ್ತಿ ಮಾಡಲು ಬಾರದ ಕೊಡಲಿಯನ್ನು ನಾವೇ ಗುಜರಿಗೆ ಹಾಕಿ, ಜಪ್ತಿ ಆಗಬಲ್ಲ ಯಂತ್ರವನ್ನು ನಾವೇ ಒಳಗೆ ಕರೆಯುತ್ತಿದ್ದೇವೆ. ಇದಕ್ಕೆ ಏನನ್ನಬೇಕು?

"ಹಾಗಾದರೆ ಯಂತ್ರವೇ ಬೇಡವೇ? ಆಳು ಎಲ್ಲಿ ಸಿಗ್ತಾರೆ ಸ್ವಾಮಿ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬೇಲೂರು ಕಡೆಯ ಕಾಫಿ ತೋಟದಲ್ಲಿ ದೊಡ್ಡ ಮರ ಉರುಳಿಸುವ ದಿನ ಗರಗಸ ಬೇಕು, ಬಾಡಿಗೆಗೆ ತನ್ನಿ, ನಾಲ್ಕು ಜನ ಸೇರಿ ಕೊಳ್ಳಿ. ವರ್ಷಕ್ಕೆ ನಾಲ್ಕು ಗಾಡಿ ಸೌದೆ ಒಡೆಯುವ ಮನೆಗೆ, ನೂರು ದಾಟಿದ ಪೆಟ್ರೋಲು ಕುಡಿಯುವ ಸಾಲದ ಯಂತ್ರ ಯಾಕೆ? ಶೇ. 50 ಸಹಾಯಧನ ಅಂತ ಆಸೆ ತೋರಿಸ್ತಾರೆ. ಉಳಿದ ಶೇ. 50 ಯಾರ ಮನೆಯಿಂದ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ.

ತುಕ್ಕು ಹಿಡಿದದ್ದೆಲ್ಲ ಸತ್ತಿಲ್ಲ. ಮೊದಲು ಬಿರುಕು ನೋಡಿ. ಕೊಡಲಿಗೆ ಸೀಮೆಎಣ್ಣೆ ಸವರಿ ಚೆನ್ನಾಗಿ ಒರೆಸಿ ಸುಣ್ಣದಕಡ್ಡಿಯ ಪುಡಿ ಉಜ್ಜಿ ಬಿಡಿ; ಬಿರುಕಿದ್ದರೆ ಒಳಗಿನ ಎಣ್ಣೆ ಹೊರಗೆ ಬಂದು ಗೆರೆ ಎಳೆಯುತ್ತದೆ. ಕಾವು ಕೂರುವ ಕಣ್ಣಿನ ಪಕ್ಕ ಬಿರುಕಿದ್ದರೆ ಅದನ್ನು ಬಿಟ್ಟುಬಿಡಿ, ಜೀವಕ್ಕೆ ಅಪಾಯ. ಬಿರುಕಿಲ್ಲದಿದ್ದರೆ ಹುಣಸೆ ನೀರಿನಲ್ಲೋ ಹುಳಿ ಮಜ್ಜಿಗೆಯಲ್ಲೋ ಒಂದು ರಾತ್ರಿ ನೆನೆಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಬೂದಿ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಹರಳೆಣ್ಣೆ ಹಚ್ಚಿ. ಗುಳಿ ಉಳಿದರೆ ಚಿಂತೆ ಬೇಡ.

ಆಮೇಲೆ ಬಾಯಿಗೆ ಅರ ಹಾಕಿ ನೋಡಿ. ಅರ ಜಾರಿದರೆ ಹದ ಉಳಿದಿದೆ. ಮೆತ್ತಗೆ ಕಚ್ಚಿಕೊಂಡು ಹೋದರೆ ಹದ ಹೋಗಿದೆ, ಕುಲುಮೆಗೆ ಒಯ್ಯಬೇಕು. ಪೇಟೆಯ ವೆಲ್ಡಿಂಗ್ ಅಂಗಡಿಯ ಗ್ರೈಂಡರಿಗೆ ಮಾತ್ರ ಕೊಡಬೇಡಿ. ಕಿಡಿ ಹಾರಿ ಬಾಯಿ ನೀಲಿಗೆ ತಿರುಗಿತೋ, ಅಜ್ಜನ ಕಾಲದ ಹದ ಒಂದು ನಿಮಿಷದಲ್ಲಿ ಹೋಯಿತು. ನೀರು ಹಾಕುತ್ತಾ ಸಾಣೆಕಲ್ಲಿನಲ್ಲಿ ಮಸೆಯಿರಿ. ಕೊರಡು ಸೀಳುವ ದಪ್ಪ ಕೊಡಲಿಯನ್ನು ತೆಳ್ಳಗೆ ಮಸೆಯಬೇಡಿ. ಅದು ಸೀಳುವುದು ಭಾರದಿಂದ, ಚೂಪು ಹೆಚ್ಚಾದರೆ ಕೊರಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬೆನ್ನಿನ ಅಂಚು ಅಣಬೆಯಂತೆ ಅರಳಿದ್ದರೆ ಅರ ಹಾಕಿ ತೆಗೆಯಿರಿ, ಇಲ್ಲದಿದ್ದರೆ ಚೂರು ಸಿಡಿದು ಕಣ್ಣು ಹೋಗುತ್ತದೆ. ಕಾವಿಗೆ ಜಾಲಿ, ದಿಂಡಿಗ, ತಡಸಲು ಒಳ್ಳೆಯವು, ಎಳೆ ಉದ್ದಕ್ಕೆ ನೇರವಾಗಿ ಓಡಿರಬೇಕು. ಸಡಿಲವಾದ ಕಾವನ್ನು ನೀರಿನಲ್ಲಿ ನೆನೆಸಿ ಬಿಗಿ ಮಾಡುವ ಚಾಳಿ ಬಿಡಿ. ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ. ಬೆಣೆ ಹೊಡೆಯಿರಿ.

ಇಷ್ಟು ಮನೆಯಲ್ಲೇ ಆಗುತ್ತದೆ. ಹದ ಹಾಕಲು ಮಾತ್ರ ಕಮ್ಮಾರನೇ ಬೇಕು. ಆ ಕಮ್ಮಾರ ಎಲ್ಲಿ? ಮೈಸೂರು ರಾಜ್ಯದ ಕಾಲದಲ್ಲಿ ಹಾಸನದಲ್ಲೇ ಮೈಸೂರು ಇಂಪ್ಲಿಮೆಂಟ್ಸ್ ಫ್ಯಾಕ್ಟರಿ ಎಂಬ ಸರ್ಕಾರಿ ಉಪಕರಣ ಕಾರ್ಖಾನೆ ಇತ್ತು, ಅದು ಹೋಯಿತು. ಭದ್ರಾವತಿಯಲ್ಲಿ 1923ರಲ್ಲಿ ಮಲೆನಾಡಿನ ಇದ್ದಿಲಿನಿಂದ ಕಬ್ಬಿಣ ಕರಗಿಸಲು ಶುರು ಮಾಡಿದರು. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಆ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು, ಕಾರ್ಮಿಕರು ಹೋರಾಟಕ್ಕೆ ಇಳಿಯಬೇಕಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡಿನ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿ ಸೇರಿದವು. ಸಂತೋಷ. ಬಳಪದ ಕಲ್ಲಿನಲ್ಲಿ ಉಳಿ ಆಡಿಸಿದವನ ಹೆಸರನ್ನಾದರೂ ಅಲ್ಲಲ್ಲಿ ಕೆತ್ತಿದ್ದಾರೆ. ಆ ಉಳಿಗೆ ದಿನಾ ಹದ ಹಾಕಿಕೊಟ್ಟ ಕಮ್ಮಾರನನ್ನು ಕೇಳುವವರು ಅಂದೂ ಇಲ್ಲ, ಇಂದೂ ಇಲ್ಲ.

ಸರ್ಕಾರಕ್ಕೆ ಕಮ್ಮಾರ ನೆನಪಾದಾಗಲೂ ತೋಚಿದ್ದು ಸಾಲವೇ. 2023ರ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಸಲಕರಣೆಗೆ 15,000 ರೂಪಾಯಿ, ಆಮೇಲೆ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಶೇ. 5ರ ಸಾಲ. ಕೆಲಸ ಬಾರದ ಕುಲುಮೆಗೆ ಸಾಲ ಕೊಟ್ಟರೆ ತಿದಿ ಊದುತ್ತದೆಯೇ? ಅವನಿಗೆ ಬೇಕಾದದ್ದು ಇದ್ದಿಲು ಮತ್ತು ವರ್ಷಪೂರ್ತಿ ಕೆಲಸ.

ಈ ತಪ್ಪಿನಲ್ಲಿ ಜಮೀನುಳ್ಳ ನಮಗೂ ಪಾಲಿದೆ. ಹಿಂದೆ ಸುಗ್ಗಿಯಲ್ಲಿ ಕಮ್ಮಾರನಿಗೆ ಆಯ ಅಂತ ಕಾಳು ಅಳೆಯುತ್ತಿದ್ದರು. ಆ ಪದ್ಧತಿಯಲ್ಲಿ ಮೇಲುಕೀಳು ಇತ್ತು, ಅದು ತೊಲಗಿದ್ದು ಒಳ್ಳೆಯದೇ. ಆದರೆ ಕಾಳು ನಿಲ್ಲಿಸಿದ ನಾವು ಕಾಸನ್ನಾದರೂ ಸರಿಯಾಗಿ ಕೊಟ್ಟೆವೇ? ಬೆವರಿಗೆ ತಕ್ಕ ಬೆಲೆ ಕೊಡಿ ಎಂದು ವಿಧಾನಸೌಧದ ಮುಂದೆ ಕೂಗುವವರು ಕುಲುಮೆಯ ಮುಂದೆ ಕೂತು ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡ್ತೇವೆ, ಅದನ್ನೂ ಸಾಲ ಹೇಳ್ತೇವೆ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ದುಡಿಯುವ ಕುಲವನ್ನು ಕಡಿಯುವ ಕೊಡಲಿಗೆ ಕಾವಾಗಿ ನಿಂತವರು ಯಾರೆಂದು ನಾವೇ ನೋಡಿಕೊಳ್ಳಬೇಕು.

ಆದ್ದರಿಂದ ಸರ್ಕಾರದ ಮುಂದೆ ಎರಡು ಬೇಡಿಕೆ ಇಡೋಣ. ಹೋಬಳಿಗೊಂದು ಕುಲುಮೆಗೆ ಜಾಗ ಮತ್ತು ನ್ಯಾಯವಾದ ದರದಲ್ಲಿ ಇದ್ದಿಲು ಕೊಡಲಿ. ಯಂತ್ರ ಕೊಳ್ಳುವುದಕ್ಕೆ ಕೊಡುವ ಸಹಾಯಧನದಲ್ಲಿ ಒಂದು ಪಾಲನ್ನು ಹಳೆಯ ಸಲಕರಣೆಯ ದುರಸ್ತಿಗೆ ಮೀಸಲಿಡಲಿ. ಹಾಗಂತ ಬೆಲೆಯ ಹೋರಾಟ ಬಿಟ್ಟು ಮಿತವ್ಯಯದ ಪಾಠ ಕೇಳಿಕೊಂಡು ಕೂರಿ ಎಂದು ನಾವು ಹೇಳುತ್ತಿಲ್ಲ. ಕೊಬ್ಬರಿಗೆ, ಆಲೂಗಡ್ಡೆಗೆ, ರಾಗಿಗೆ ನ್ಯಾಯವಾದ ಬೆಲೆ ಸಿಗುವವರೆಗೂ ಚಳವಳಿ ನಿಲ್ಲಕೂಡದು. ಆದರೆ ಆ ಚಳವಳಿಗೆ ಹೊರಡುವ ರೈತನ ಹೆಗಲ ಮೇಲೆ ಕಂತಿನ ಯಂತ್ರದ ಹೊರೆ ಇರಬಾರದು.

ಮುಂದಿನ ತಿಂಗಳ ಗ್ರಾಮ ಘಟಕದ ಸಭೆಗೆ ಪ್ರತಿ ಮನೆಯಿಂದ ಒಂದು ತುಕ್ಕು ಹಿಡಿದ ಕೊಡಲಿ ಬರಲಿ. ಎಲ್ಲವನ್ನೂ ಒಂದೇ ದಿನ ಒಂದೇ ಕುಲುಮೆಗೆ ಒಯ್ಯೋಣ. ಕಮ್ಮಾರನ ಕೂಲಿಯನ್ನು ಅಲ್ಲೇ ನಗದಾಗಿ ಎಣಿಸಿ ಕೊಡೋಣ.