ಕಾಣದ ಹಣ

ಎಣಿಸಿ ಕೊಡುವುದು, ಎಣಿಸಿ ಪಡೆಯುವುದು. ಹಣವೆಂದರೆ ನನಗೆ ಇಷ್ಟೇ ಆಗಿತ್ತು. 2016ರಲ್ಲಿ ಯುಪಿಐ ವ್ಯವಸ್ಥೆ ಬಂದಾಗ ನಾನದನ್ನು ನಂಬಲಿಲ್ಲ. ಚಿಲ್ಲರೆಯಿಲ್ಲದ ಒಂದು ಮುಂಜಾನೆ, ಸೊಪ್ಪಿನ ಮುದುಕಿಯ ಬುಟ್ಟಿಗೆ ಸಿಕ್ಕಿಸಿದ್ದ ಕ್ಯೂಆರ್ ಕೋಡಿನೆದುರು ಅಳುಕುತ್ತಲೇ ಫೋನನ್ನು ಹಿಡಿದೆ. ಇಪ್ಪತ್ತು ರೂಪಾಯಿ ನನ್ನ ಖಾತೆಯಿಂದ ಹೋಯಿತು. ಹಣ ಬಂದುದನ್ನು ಸಾರುವ ಆಕೆಯ ಡಬ್ಬಿ ಮಾತ್ರ ಮೌನವಾಗಿತ್ತು.

“ಒಸಿ ತಡೀರಿ ಸ್ವಾಮಿ, ಡಬ್ಬಿ ಕೂಗಲಿ” ಎಂದಳು.

ಸಂದೇಹ ನನಗೊಬ್ಬನಿಗೇ ಅಲ್ಲವೆಂದು ಆಗ ತಿಳಿಯಿತು. ಡಬ್ಬಿ ಕೂಗಿದ ಮೇಲೆಯೇ ಸೊಪ್ಪು ನನ್ನ ಚೀಲಕ್ಕೆ ಬಂದಿತು.

ಈಗ ನಾನೂ ಫೋನಿನಲ್ಲಿಯೇ ಹಣ ಕೊಡುತ್ತೇನೆ. ಆದರೆ ಸಂದೇಹವನ್ನು ಬಿಟ್ಟುಕೊಟ್ಟಿಲ್ಲ. ಬಿಡಬೇಕೆಂದೂ ನನಗೆ ತೋರುವುದಿಲ್ಲ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. “ನಿಮಗೆ ಹಣ ಬರಲಿದೆ, ಪಿನ್ ಒತ್ತಿ” ಎಂದು ಕರೆಮಾಡುವವನು ಕಳ್ಳನಲ್ಲದೆ ಮತ್ತಾರು? ಜೇಬಿನಲ್ಲಿ ಇಂದಿಗೂ ಎರಡು ನೋಟುಗಳನ್ನು ಇಟ್ಟುಕೊಂಡಿರುತ್ತೇನೆ.